307ಕ್ಕೆ ಯಾರು ಹೋದರು?

ಸೆಪ್ಟೆಂಬರ್ 1, ಮಂಗಳವಾರ

ನಮ್ಮ ಊರಿನ ವೃದ್ಧರ ಹೋಂನ ಮೂರನೇ ಮಹಡಿಯಲ್ಲಿ ಎದ್ದು ನಡೆಯಲಾರದ ಹತ್ತೊಂಬತ್ತು ಜನ ಮಲಗಿದ್ದಾರೆ. ಭೂಕಂಪದಲ್ಲಿ ಕೆಟ್ಟ ಲಿಫ್ಟನ್ನು ಒಂದೂವರೆ ವರ್ಷದಿಂದ ಯಾರೂ ಮುಟ್ಟಿಲ್ಲ. ಜನರೇಟರಿನ ತಂತಿ ನೆಲಮಹಡಿ ಬಿಟ್ಟು ಮೇಲೆ ಹತ್ತಿಲ್ಲ. ರಾತ್ರಿ ಪಾಳಿಗೆ ನರ್ಸ್ ಒಬ್ಬಳೇ. ಇದು ಅನ್ಯಾಯ. ಇದಕ್ಕೆ ಮೆತ್ತನೆಯ ಹೆಸರು ಹುಡುಕುವವರೂ ಅನ್ಯಾಯದ ಪಾಲುದಾರರೇ.

ಆ ಹತ್ತೊಂಬತ್ತರಲ್ಲಿ ಒಬ್ಬಳು ನನ್ನ ಅಜ್ಜಿ. ಕೋಣೆ 307. ಅವಳ ಉಸಿರು ಗೋಡೆಯ ಪ್ಲಗ್ಗಿಗೆ ಚುಚ್ಚಿದ ಆಕ್ಸಿಜನ್ ಯಂತ್ರದಲ್ಲಿದೆ. ಕರೆಂಟು ಹೋದರೆ ಒಂದು ಪುಟ್ಟ ಸಿಲಿಂಡರ್, ನಲವತ್ತು ನಿಮಿಷ. ಅಷ್ಟರಲ್ಲಿ ಅವಳನ್ನು ನೆಲಮಹಡಿಗೆ ಇಳಿಸಬೇಕು. ಯಾರು?

ಇವತ್ತಿನಿಂದ ಯೂ ಮೇಡಂ ಅವರ ಆಪತ್ತು ನಿರ್ವಹಣೆಯ ತರಗತಿ. ನರ್ಸಿಂಗ್, ಮೆಡಿಕಲ್, ಫಾರ್ಮಸಿ, ಸಮಾಜಕಾರ್ಯ, ಹೀಗೆ ನಾಲ್ಕು ಕಡೆಯಿಂದ ಒಬ್ಬೊಬ್ಬರನ್ನು ತಂದು ಒಂದು ತಂಡ. ನರ್ಸಿಂಗ್‌ನವಳು ನಾನು. ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಅವರವರ ಮನೆಯಲ್ಲಿ ಕೂತು ಕಂಪ್ಯೂಟರ್ ತೆರೆದರೆ ಅದರೊಳಗೆ ಭೂಮಿ ನಡುಗುತ್ತದೆ. ಕ್ಯಾಮೆರಾ ಹಾಕುವಂತಿಲ್ಲ, ಹೊರಗೆ ಭೇಟಿಯಾಗುವಂತಿಲ್ಲ. "ಆವತ್ತು ನಿಮ್ಮ ಪಕ್ಕ ಬಂದು ನಿಲ್ಲೋರು ಗುರುತಿಲ್ಲದವರೇ ಆಗಿರ್ತಾರೆ. ಈಗಲೇ ಅಭ್ಯಾಸ ಮಾಡ್ಕೊಳಿ" ಎಂದರು ಮೇಡಂ.

ತೆರೆಯ ಮೇಲಿನ ಕಟ್ಟಡ ಅಜ್ಜಿಯ ಹೋಂ. ಅದೇ ನಕ್ಷೆ, ಅದೇ ಕೋಣೆ ಸಂಖ್ಯೆಗಳು. ನಕ್ಷೆ ಕೊಟ್ಟವಳು ಅಲ್ಲಿನ ಹೆಡ್ ನರ್ಸ್ ಜುವಾಂಗ್ ಅಕ್ಕ. ಅವಳದೊಂದು ಷರತ್ತಿದೆ: ಹತ್ತೊಂಬತ್ತು ಜನರನ್ನೂ ನಲವತ್ತು ನಿಮಿಷದಲ್ಲಿ ಇಳಿಸಿದ ತಂಡದ ಫೋನ್ ನಂಬರುಗಳನ್ನು ತನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿಸುತ್ತಾಳೆ. ನಿಜವಾಗಿ ಕರೆಂಟು ಹೋದಾಗ ಮೊದಲ ಕರೆ ಅವರಿಗೆ. ನನಗೆ ಅಂಕ ಬೇಡ. ಆ ಗೋಡೆ ಬೇಕು.

ಮೆಡಿಕಲ್‌ನ ಬೋ-ಯೆನ್ ಮಾತಾಡಲಿ ಎಂದು ಉಳಿದವರು ಕಾದರು. ಉಳಿದವರು ಮಾತಾಡಲಿ ಎಂದು ಬೋ-ಯೆನ್ ಕಾದ. ಆರು ನಿಮಿಷ! ಕೊನೆಗೆ ನಾನೇ ಕೂಗಿದೆ, ನಾನೇ ಓಡಿದೆ. 307ರ ಬಾಗಿಲಲ್ಲಿ ನಿಂತು ಎತ್ತಲು ಒತ್ತಿದರೆ, 'ಒಬ್ಬರಿಂದ ಆಗದು' ಎಂಬ ಕೆಂಪು ಅಕ್ಷರ. ಹನ್ನೊಂದು ಸಲ ಒತ್ತಿದೆ. ಕೋಣೆ ಬೂದು ಬಣ್ಣಕ್ಕೆ ತಿರುಗಿತು. ಬೂದು ಅಂದರೆ ಸತ್ತರು. ಒಟ್ಟು ಹದಿನಾಲ್ಕು.

ಕೊನೆಯಲ್ಲಿ ಮೇಡಂ ಕೇಳಿದ್ದು ಒಂದೇ: "ಯುನ್-ಚೆನ್, ಇವತ್ತು ನಲವತ್ತು ನಿಮಿಷದಲ್ಲಿ ನೀನು ಎಷ್ಟು ಸಲ ಬೇರೆಯವರ ಹೆಸರು ಕರೆದೆ?"

ಹೋರಾಡಿದವಳಿಗೇ ಪ್ರಶ್ನೆ. ಬಾಯಿ ಮುಚ್ಚಿ ಕೂತ ಮೂವರಿಗೆ ಏನೂ ಇಲ್ಲ.

ಸೆಪ್ಟೆಂಬರ್ 5, ಶನಿವಾರ

ಬಿಸ್ಕತ್ತಿನ ಡಬ್ಬಿ ತೆರೆದು ನನ್ನ ಕರಪತ್ರಗಳನ್ನೆಲ್ಲ ಹರಡಿಕೊಂಡು ಕೂತೆ. ನರ್ಸುಗಳ ಸಂಘದ್ದು, ಅಗ್ನಿಶಾಮಕ ಕಚೇರಿಯದ್ದು, ರೈಲು ನಿಲ್ದಾಣದಲ್ಲಿ ಕೈಗೆ ತುರುಕಿದ್ದು. ನಾನು ಕಲಿತದ್ದೆಲ್ಲ ಇಲ್ಲಿಂದ. ಅವುಗಳ ಸಾರ ತೆಗೆದು ತಂಡಕ್ಕೆ ಹನ್ನೆರಡು ಅಂಶಗಳ ಸನ್ನದು ಬರೆದೆ. ಮೊದಲ ಅಂಶ: ಮೌನ ಅಪರಾಧ. ಎರಡನೆಯದು: ಮೆಡಿಕಲ್ ವಿದ್ಯಾರ್ಥಿ ಯಾರ ದೊರೆಯೂ ಅಲ್ಲ.

ತಂಡದ ಗುಂಪಿಗೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಮೂರು ಉತ್ತರ. ಬೋ-ಯೆನ್: ಸಿಕ್ಕಿತು. ಫಾರ್ಮಸಿಯ ವೆನ್-ಶಿನ್: ಸಿಕ್ಕಿತು, ಜೊತೆಗೆ ತಲೆಬಾಗುವ ಕರಡಿಯ ಚಿತ್ರ. ಸಮಾಜಕಾರ್ಯದ ಮಾಯಾವ್: "ಸಿಕ್ಕಿತು, ಅಧ್ಯಕ್ಷೆ! ಹದಿಮೂರನೇ ಅಂಶ, ಮಧ್ಯದಲ್ಲಿ ಹಸಿವಾದ್ರೆ ಏನ್ಮಾಡೋದು?"

ಮಾಯಾವ್ ಕರಾವಳಿಯ ಅಮಿಸ್ ಬುಡಕಟ್ಟಿನ ಹಳ್ಳಿಯವನು, ಎಲ್ಲಕ್ಕೂ ನಗುತ್ತಾನೆ. ಇರಲಿ. ಮೊದಲ ಬಾರಿಗೆ ತಂಡದಲ್ಲಿ ಒಗ್ಗಟ್ಟು ಕಾಣುತ್ತಿದೆ.

ಸೆಪ್ಟೆಂಬರ್ 8, ಮಂಗಳವಾರ

ಹದಿನಾರು ಬೂದು.

ಈ ಸಲ ಮೇಡಂ ಧ್ವನಿಯನ್ನೇ ಕತ್ತರಿಸಿದ್ದರು. ಮೊಬೈಲ್ ಗೋಪುರ ಬಿದ್ದಿದೆಯಂತೆ. ಬರೆದು ಕಳಿಸುವುದು ಮಾತ್ರ. ಬರೆದರಲ್ಲ ಎಲ್ಲರೂ, ಎಷ್ಟು ಬರೆದರು! ತೆರೆ ತುಂಬ ಸಂದೇಶ. ಆದರೂ 307 ಬೂದಾಯಿತು. ವೆನ್-ಶಿನ್ ಆ ಕಾರಿಡಾರಿನಲ್ಲೇ ಇದ್ದಳು. ಅವಳಿಗೇಕೆ ಕಾಣಲಿಲ್ಲ? ಎರಡು ವಾರದಲ್ಲಿ ಅವಳ ದನಿಯನ್ನೇ ನಾನು ಕೇಳಿಲ್ಲ. ಗುಂಪಿನಲ್ಲಿ ನೇರವಾಗಿ ಬರೆದೆ: ನಿನ್ನ ಹೇಡಿತನಕ್ಕೆ ಇವತ್ತು ಒಬ್ಬ ಮುದುಕಿ ಸತ್ತಳು.

ಅವಳ ಉತ್ತರ: ಸಿಕ್ಕಿತು.

ಕರಡಿ ಇರಲಿಲ್ಲ.

ಸೆಪ್ಟೆಂಬರ್ 10, ಗುರುವಾರ

ಮೇಡಂ ಮಂಗಳವಾರದ ಸಂದೇಶಗಳ ಪೂರ್ತಿ ದಾಖಲೆ ಕಳಿಸಿದ್ದಾರೆ. ಒಂದು ಮಾತೂ ಸೇರಿಸಿಲ್ಲ. ಇಲ್ಲಿ ನಕಲು ಮಾಡುತ್ತೇನೆ.

7:22. ಬೋ-ಯೆನ್: 307ರಲ್ಲಿ ಸಿಲಿಂಡರ್ ಮುಗೀತಾ ಇದೆ. ಯಾರಾದರೂ ಹೋಗಿ.
7:22. ಮಾಯಾವ್: ಸಿಕ್ಕಿತು.
7:22. ವೆನ್-ಶಿನ್: ಸಿಕ್ಕಿತು.
7:23. ಯುನ್-ಚೆನ್: ಸಿಕ್ಕಿತು!!
7:23. ಬೋ-ಯೆನ್: ಧನ್ಯವಾದ ಎಲ್ಲರಿಗೂ.
7:40. 307 ಮೃತ.

ಆ ಎರಡು ಆಶ್ಚರ್ಯಚಿಹ್ನೆ ನನ್ನವು.

ಇದನ್ನು ನಾವು ಶಾಲೆಯಿಂದ ಮಾಡುತ್ತ ಬಂದಿದ್ದೇವೆ. ಟೀಚರ್ ಏನಾದರೂ ಕಳಿಸಿದರೆ ಮೂವತ್ತೈದು ಮಕ್ಕಳೂ 'ಸಿಕ್ಕಿತು' ಎನ್ನಬೇಕು, ಅನ್ನದವನು ಒರಟ. ಅಂದವನು ಓದಿದ್ದಾನೋ ಇಲ್ಲವೋ ಯಾರಿಗೆ ಬೇಕು? ನಾನು ಓದಿರಲಿಲ್ಲ. 310ರ ಬಾಗಿಲು ಒತ್ತುತ್ತ, ಹೆಬ್ಬೆರಳಿನಿಂದ ಕಳಿಸಿದ್ದೆ.

ವೆನ್-ಶಿನ್‌ಗೆ ಬರೆಯಬೇಕು. ನಾಳೆ.

ಸೆಪ್ಟೆಂಬರ್ 12, ಶನಿವಾರ

ಬರೆದಿಲ್ಲ.

ಹೋಂಗೆ ಹೋಗಿದ್ದೆ. ಮೆಟ್ಟಿಲು ಎಣಿಸಿದೆ, ನಲವತ್ತೆಂಟು, ಎರಡು ತಿರುವು. ಯಾರೂ ಇಲ್ಲದಾಗ ಅಜ್ಜಿಯ ಕಂಕುಳ ಕೆಳಗೆ ಕೈ ಹಾಕಿ ಎತ್ತಿ ನೋಡಿದೆ. ಅವಳು ಅಲುಗಲಿಲ್ಲ. ನನ್ನ ಬೆನ್ನು ಮಾತ್ರ ಲಟಕ್ಕೆಂದಿತು.

"ಏನೇ ಆ-ಯುನ್, ನನ್ನನ್ನ ಮಾರೋಕೆ ತೂಕ ನೋಡ್ತಿದೀಯಾ?"

"ಇಳಿಸೋಕೆ ಆಗುತ್ತಾ ಅಂತ ನೋಡ್ದೆ ಅಜ್ಜಿ."

"ಎಲ್ಲಿಗೆ ಇಳಿಸ್ತೀ? ಕೆಳಗಡೆ ಕಿಟಕೀಲಿ ಬರೀ ಸ್ಕೂಟರ್ ಸ್ಟ್ಯಾಂಡು. ಇಲ್ಲಿಂದ ಸಮುದ್ರ ಕಾಣುತ್ತೆ." ಕೊಳವೆ ಸರಿಮಾಡಿಕೊಂಡು ಉಸಿರು ಹಿಡಿದಳು. ಅಷ್ಟು ಮಾತಿಗೇ ತುಟಿ ನೀಲಿಯಾಗಿತ್ತು. "ನಿಮ್ಮಮ್ಮನಿಗೆ ಹೇಳು, ಸೋಯಾ ಹಾಲಿಗೆ ಸಕ್ಕರೆ ಜಾಸ್ತಿ ಹಾಕು ಅಂತ. ಈ ಜುವಾಂಗ್ ನನ್ನನ್ನ ಬದುಕಿಸಿ ಬದುಕಿಸಿ ಸಾಯಿಸ್ತಾ ಇದಾಳೆ."

ಜುವಾಂಗ್ ಅಕ್ಕನ ಮೇಜಿನ ಹಿಂದಿನ ಗೋಡೆ ನೋಡಿದೆ. ಅಗ್ನಿಶಾಮಕ ಕಚೇರಿ, ಆಂಬುಲೆನ್ಸ್, ಶವಾಗಾರ. ಅದರ ಕೆಳಗೆ ಖಾಲಿ.

"ಅಕ್ಕಾ, ನನ್ನ ನಂಬರ್ ಒಂದಾದ್ರೂ ಬರ್ಕೊಳಿ."

"ಒಬ್ಬಳು ಬಂದು ಏನ್ಮಾಡ್ತೀಯಾ? ನನ್ನ ಪಕ್ಕ ನಿಂತು ಅಳ್ತೀಯಾ? ಅಳೋಕೆ ನಾನೊಬ್ಬಳೇ ಸಾಕು."

ಸೆಪ್ಟೆಂಬರ್ 15, ಮಂಗಳವಾರ

307 ಉಳಿಯಿತು. ಹಸಿರು ಬಣ್ಣಕ್ಕೆ ತಿರುಗಿತು. ನಾನು ಕುರ್ಚಿಯಿಂದ ಎದ್ದು ಕುಣಿದೆ. ಅಮ್ಮ ಕೆಳಗಿನಿಂದ ಏನಾಯಿತೆಂದು ಕೂಗಿದಳು.

ನಾನು ಮಾಡಿದ್ದು ಇಷ್ಟು. ಭೂಮಿ ನಡುಗಿದ ಕೂಡಲೇ ಮಾಯಾವ್‌ನನ್ನು ನೇರ 307ಕ್ಕೆ ಎಳೆದುಕೊಂಡು ಹೋದೆ. ಅಜ್ಜಿಯನ್ನು ಇಳಿಸಿದ ಮೇಲೂ ಅವನನ್ನು ಬಿಡಲಿಲ್ಲ, ಅವಳ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಉಳಿದ ಹದಿನೆಂಟು ಜನರನ್ನು ಇಳಿಸಲು ಮೇಲೆ ವೆನ್-ಶಿನ್, ಬೋ-ಯೆನ್ ಇಬ್ಬರೇ ಉಳಿದರು.

ಸಮಯ ಮುಗಿದು ಧ್ವನಿ ತೆರೆದುಕೊಂಡಿತು. ಆಮೇಲೆ ಒಂದು ತೆಳು ದನಿ ಓದತೊಡಗಿತು. "301. 302. 304. 305. 306. 309..." ವೆನ್-ಶಿನ್! ಅವಳ ದನಿ ಹೀಗಿದೆಯೆಂದು ನನಗೆ ಗೊತ್ತಿರಲಿಲ್ಲ. ನೆಗಡಿಯಾದ ಮಗುವಿನ ಹಾಗೆ. ಬೂದಾದ ಹದಿಮೂರು ಕೋಣೆಗಳನ್ನೂ ಓದಿದಳು. ಓದಿ ಮುಗಿಸಿ, "ಇವರನ್ನ ನೋಡೋಕೂ ಯಾರಾದ್ರೂ ಬರ್ತಿರ್ತಾರೆ" ಎಂದಳು.

"ಅಧ್ಯಕ್ಷೆ," ಎಂದ ಮಾಯಾವ್. ನಗು ಇರಲಿಲ್ಲ. "307ರಲ್ಲಿ ಯಾರಿದಾರೆ?"

"ನನ್ನ ಅಜ್ಜಿ."

"ಮೂರು ವಾರದಿಂದ ನಮ್ಮನ್ನ ಬೈತಾನೇ ಇದೀಯ. ಇದನ್ನ ಒಂದು ಸಲ ಹೇಳೋಕೆ ಆಗ್ಲಿಲ್ವಾ?"

ಕಂಪ್ಯೂಟರ್ ಮುಚ್ಚಿದೆ.

ಸೆಪ್ಟೆಂಬರ್ 16, ಬುಧವಾರ

ಬರೆಯಲಾರೆ.

ಸೆಪ್ಟೆಂಬರ್ 19, ಶನಿವಾರ

ಹೋಂನ ಮಾಲೀಕ ನೋಟೀಸು ಅಂಟಿಸಿದ್ದಾನೆ: ಲಿಫ್ಟಿನ ಬಿಡಿಭಾಗ ಬರುವುದು ಮುಂದಿನ ವರ್ಷ. ಹೊಟ್ಟೆ ಉರಿದು ಒಂದು ಕರಪತ್ರ ಬರೆದೆ. ನಲವತ್ತು ಪ್ರತಿ ತೆಗೆಸಿ ಗೇಟಿಗೆ, ಗೋಡೆಗೆ, ಕೆಟ್ಟ ಲಿಫ್ಟಿನ ಬಾಗಿಲಿಗೆ ಅಂಟಿಸಿದೆ. ಜುವಾಂಗ್ ಅಕ್ಕ ಒಂದನ್ನು ಬಿಡಿಸಿ, ಕನ್ನಡಕ ಏರಿಸಿ ಪೂರ್ತಿ ಓದಿದಳು.

"ಎಲ್ಲಾ ನಿಜ. ಇದಕ್ಕಿಂತ ಚೆನ್ನಾಗಿ ನಾನು ಬರೀತಿರ್ಲಿಲ್ಲ," ಎಂದು ಮಡಿಸಿ ಜೇಬಿಗೆ ಹಾಕಿಕೊಂಡಳು. "ಈಗ 304ರ ತಾತನ್ನ ಮಗ್ಗುಲು ತಿರುಗಿಸ್ಬೇಕು. ಆ ಕಡೆಯಿಂದ ಬೆಡ್‌ಶೀಟ್ ಹಿಡಿ ಬಾ."

ಹಿಡಿದೆ. ತಾತನ ಬೆನ್ನ ಮೇಲೆ ಬಟ್ಟಲಿನಷ್ಟು ಹುಣ್ಣು. ಅವನ ಹೆಸರು ಗುವೊ. ಹಿಂದೆ ಬಸ್ ಓಡಿಸುತ್ತಿದ್ದನಂತೆ. ನನ್ನ ಮಣಿಕಟ್ಟು ಹಿಡಿದುಕೊಂಡು, ಬಿಡದೆ, ಮುಂದಿನ ನಿಲ್ದಾಣ ಯಾವುದೆಂದು ಕೇಳಿದ. ನಾಲ್ಕು ವರ್ಷದಿಂದ ಅಜ್ಜಿಯನ್ನು ನೋಡಲು ಬರುತ್ತಿದ್ದೇನೆ. 304ರ ಬಾಗಿಲ ಒಳಗೆ ಕಾಲಿಟ್ಟದ್ದು ಇವತ್ತೇ.

ಸೆಪ್ಟೆಂಬರ್ 20, ಭಾನುವಾರ

ಬೆಳಗ್ಗೆ ಅಮ್ಮನ ತಿಂಡಿ ಅಂಗಡಿಯಲ್ಲಿ ಕೆಲಸ. ಭಾನುವಾರದ ನೂಕುನುಗ್ಗಲು. ಅಪ್ಪ ತವೆಯ ಮುಂದೆ, ಅಮ್ಮ ಗಲ್ಲಾದಲ್ಲಿ, ಬಂದ ಎಂಬತ್ತರ ಮುದುಕನನ್ನೂ "ಏನ್ ಕೊಡ್ಲಿ ಸುಂದರಾಂಗ?" ಎಂದು ಮಾತಾಡಿಸುತ್ತ. ನಾನು ನಿಂತಲ್ಲೇ ಯೋಚಿಸುತ್ತ ಮೊಟ್ಟೆ ದೋಸೆಯೊಂದನ್ನು ಸೀಯಿಸಿದೆ.

"ಆ-ಯುನ್! ಎರಡನೇ ಟೇಬಲ್ಲಿಗೆ ಬಿಸಿ ಹಾಲು!"

"ಅಪ್ಪ ಅಲ್ಲೇ ಇದಾನಲ್ಲ. ಯಾರಾದ್ರೂ ಕೊಡ್ರಿ ಅಂದ್ರೆ ಆಗಲ್ವಾ?"

"ಯಾರಾದ್ರೂ ಅಂದ್ರೆ ನಿಮ್ಮಪ್ಪಾನೂ ಅಲ್ಲಾಡಲ್ಲ, ನೀನೂ ಅಲ್ಲಾಡಲ್ಲ. ಇಪ್ಪತ್ತು ವರ್ಷದಿಂದ ನೋಡಿದೀನಿ. ಹೆಸರು ಹಿಡಿದು ಕೂಗಿದ್ರೆ ಬೈಕೊಂಡಾದ್ರೂ ಹೋಗ್ತೀರಿ."

ಅಮ್ಮನಿಗೆ ಎಲ್ಲದರಲ್ಲೂ ಯಜಮಾನಿಕೆ. ಹಾಲು ಕೊಟ್ಟು ಬಂದೆ.

ಸಂಜೆ ವೆನ್-ಶಿನ್‌ಗೆ ಬರೆದೆ. ಮೂರು ಸಲ ಅಳಿಸಿ, ಕೊನೆಗೆ: ಎಂಟನೇ ತಾರೀಕು 307ಕ್ಕೆ ಹೋಗದವಳು ನಾನು. ನಿನ್ನನ್ನು ಹೇಡಿ ಅಂದೆ. ತಪ್ಪಾಯಿತು.

ಬಹಳ ಹೊತ್ತಿನ ಮೇಲೆ ಉತ್ತರ: "ನಾನೂ ಹೋಗಲಿಲ್ಲ. ಬೇರೆಯವರು ಹೋಗ್ತಾರೆ ಅಂದ್ಕೊಂಡೆ. ನನ್ನ ಮೈಕ್ ಸರಿ ಇದೆ. ನನ್ನ ದನಿ ಕೇಳಿದ್ರೆ ಎಲ್ಲರೂ ನಗ್ತಾರೆ ಅಂತ ಮುಚ್ಚಿರ್ತೀನಿ."

ಸೆಪ್ಟೆಂಬರ್ 22, ಮಂಗಳವಾರ

ಶುರುವಾಗುವ ಮೊದಲು ನಾನು ಎರಡೇ ಮಾತು ಹೇಳಿದೆ. ಸನ್ನದು ಹರಿದು ಹಾಕಿದ್ದೇನೆ. ಇವತ್ತಿನಿಂದ 'ಸಿಕ್ಕಿತು' ಅನ್ನುವಂತಿಲ್ಲ, 'ಯಾರಾದರೂ' ಅನ್ನುವಂತಿಲ್ಲ. ಕಳಿಸುವವರು ಒಬ್ಬರ ಹೆಸರು ಹಿಡಿಯಬೇಕು, ಹೋಗುವವರು ತಮ್ಮ ಹೆಸರು, ಕೋಣೆ, ಎಷ್ಟು ನಿಮಿಷ ಅಂತ ಬರೆಯಬೇಕು, ಉಳಿದವರು ಸುಮ್ಮನಿರಬೇಕು.

"ಸುಮ್ಮನಿದ್ರೆ ಒರಟು ಅನ್ಸಲ್ವಾ?" ಎಂದ ಬೋ-ಯೆನ್.

"ಅನ್ಸುತ್ತೆ. ಅನ್ಸಲಿ."

ಅವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನಾನೂ ಒಂದು ಹೇಳ್ಬಿಡ್ತೀನಿ. ಡಾಕ್ಟರ್ ಆಗೋನು ಅಂತ ಎಲ್ಲಾ ನನ್ನ ಕಡೆ ನೋಡ್ತೀರಿ. ನಾನು ಮೂರನೇ ವರ್ಷ. ಇನ್ನೂ ಒಬ್ಬ ರೋಗಿಯನ್ನ ಮುಟ್ಟಿಲ್ಲ. ಭಯ ಆಗುತ್ತೆ, ಅದಕ್ಕೇ ಬಾಯಿ ಬರಲ್ಲ."

"ಅಯ್ಯೋ, ನಾನು ನೀನು ದೊಡ್ಡಸ್ತಿಕೆ ತೋರಿಸ್ತಿದೀಯ ಅಂದ್ಕೊಂಡಿದ್ದೆ ಕಣೋ," ಎಂದ ಮಾಯಾವ್. "ನಾಲ್ಕು ವಾರ ನಿನ್ನನ್ನ ಮನಸ್ಸಲ್ಲೇ ಬೈದಿದ್ದೆಲ್ಲ ದಂಡ ಆಯ್ತಲ್ಲ!"

ಮೆಟ್ಟಿಲ ಬುಡದಲ್ಲಿ ಒಬ್ಬರು ನಿಲ್ಲಬೇಕು, ಮೇಲೆ ಹೋಗದೆ. ಯಾರು ಇಳಿದರು, ಯಾರ ಸಿಲಿಂಡರ್ ಎಷ್ಟಿದೆ, ಮುಂದೆ ಯಾವ ಕೋಣೆ, ಯಾರು ಹೋಗಬೇಕು, ಇದನ್ನೆಲ್ಲ ನೋಡಿಕೊಳ್ಳಬೇಕು. ಆ ಕೆಲಸ ನನಗೆ ಬಿತ್ತು. ವೆನ್-ಶಿನ್ ಹೇಳಿದಳು, "ನೀನು ಮೇಲೆ ಹೋದ್ರೆ 307ರಿಂದ ವಾಪಸ್ ಬರಲ್ಲ." ಕೋಪ ಬಂತು. ನಿಂತೆ.

ನಡುವೆ ಮಾಯಾವ್‌ನ ಚಿತ್ರ ಮೆಟ್ಟಿಲ ತಿರುವಿನಲ್ಲಿ ಮೂರು ನಿಮಿಷ ಹೆಪ್ಪುಗಟ್ಟಿತು. ಅವನ ನೆಟ್ ಹೋಗಿತ್ತು. ಯಂತ್ರಗಳು ತಂಟೆ ಮಾಡದಿರಲಿ ಎಂದು ಎಲ್ಲರೂ ಇಡುವ ಜೋಳದ ತಿಂಡಿಯ ಹಸಿರು ಪೊಟ್ಟಣವನ್ನು ಅವನೂ ಕಂಪ್ಯೂಟರಿನ ಮೇಲೆ ಇಟ್ಟಿದ್ದನಂತೆ, ಹಸಿವಾಗಿ ತಿಂದುಬಿಟ್ಟನಂತೆ. "ನನ್ನ ಹದಿಮೂರನೇ ಅಂಶ ಅವತ್ತೇ ಸೇರಿಸಿದ್ರೆ ಇಷ್ಟಾಗ್ತಿತ್ತಾ?"

ಎಂಟು ಬೂದು. 307 ಅದರಲ್ಲಿ ಒಂದು. 304ರ ಗುವೊ ತಾತ ಇಳಿದ.

ಸೆಪ್ಟೆಂಬರ್ 26, ಶನಿವಾರ

ನಿನ್ನೆ ಹುಣ್ಣಿಮೆ ಹಬ್ಬ. ಇವತ್ತು ಹೋಂಗೆ ಚಕ್ಕೋತ ಒಯ್ದೆ. ಹಬ್ಬದ ರೂಢಿಯಂತೆ ಸಿಪ್ಪೆಯನ್ನು ಟೋಪಿ ಮಾಡಿ ಅಜ್ಜಿಗೆ ತೊಡಿಸಿದರೆ ತಕ್ಷಣ ಕಿತ್ತು ನನ್ನ ತಲೆಗಿಟ್ಟಳು. ಉಳಿದ ಸಿಪ್ಪೆಗಳನ್ನು ಕೋಣೆ ಕೋಣೆಗೆ ಹಂಚಿದೆ. 312ರ ಶಿಯೆ ಅಜ್ಜಿಗೆ ಕಣ್ಣು ಕಾಣದು; ಮೂಗಿಗೆ ಹಿಡಿದು ಕೂತಿದ್ದಳು, ನಾನು ಹೊರಡುವವರೆಗೂ.

ಅಜ್ಜಿಯ ಕಾಲು ಊದಿದೆ. ಯಂತ್ರವನ್ನು ಒಂದು ಅಂಕಿ ಏರಿಸಿದ್ದಾರೆ. ಅಂದರೆ ಸಿಲಿಂಡರ್ ಈಗ ನಲವತ್ತು ನಿಮಿಷ ಬರುವುದಿಲ್ಲ. ಲೆಕ್ಕ ಹಾಕಿದೆ. ಮೂವತ್ತು.

ಪೂರ್ವದ ಸಮುದ್ರದಲ್ಲಿ ಒಂದು ಚಂಡಮಾರುತ ಎದ್ದಿದೆಯಂತೆ. ಮಾರ್ಗ ಇನ್ನೂ ಗೊತ್ತಿಲ್ಲ.

ಸೆಪ್ಟೆಂಬರ್ 29, ಮಂಗಳವಾರ

ಕೊನೆಯ ಸುತ್ತು. ಇವತ್ತು ಜುವಾಂಗ್ ಅಕ್ಕನೂ ತೆರೆಯ ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. 307ಕ್ಕೆ ಮೂವತ್ತೇ ನಿಮಿಷ ಎಂದು ಮೇಡಂಗೆ ಮೊದಲೇ ಹೇಳಿ ಬದಲು ಮಾಡಿಸಿದೆ. ನನ್ನ ಕೈಯಾರೆ.

ಮೂವತ್ತೈದು ನಿಮಿಷಕ್ಕೆ ಹದಿನಾರು ಜನ ಕೆಳಗಿದ್ದರು. 307 ಇಪ್ಪತ್ತಾರನೇ ನಿಮಿಷಕ್ಕೆ ಇಳಿಯಿತು: 'ವೆನ್-ಶಿನ್, ಮಾಯಾವ್, 307, ನಾಲ್ಕು ನಿಮಿಷ' ಎಂದು ಬಂದಿತ್ತು, ನಾಲ್ಕೇ ನಿಮಿಷಕ್ಕೆ ಬಂದರು. ನಾನು ಗುರುತು ಹಾಕಿ ಮುಂದಿನ ಹೆಸರು ಕರೆದೆ. ಉಳಿದ ಮೂವರಲ್ಲಿ ಒಬ್ಬರು ಇಳಿದರು. 309, 312 ಇಳಿಯಲಿಲ್ಲ.

ಹದಿನೇಳು. ಹತ್ತೊಂಬತ್ತಲ್ಲ.

ಜುವಾಂಗ್ ಅಕ್ಕ ಹೊರಟುಹೋದಳು. ಮೇಡಂ ಚೆನ್ನಾಗಿತ್ತು ಎಂದರು. ಚೆನ್ನಾಗಿತ್ತಂತೆ. ಶಿಯೆ ಅಜ್ಜಿಯನ್ನು ಮೇಲೆ ಬಿಟ್ಟು ಬಂದದ್ದು ಚೆನ್ನಾಗಿತ್ತಂತೆ. ಗೋಡೆ ಖಾಲಿಯೇ ಉಳಿಯಿತು. ತರಗತಿ ಮುಗಿಯಿತು. ಇನ್ನು ಮಂಗಳವಾರಗಳಿಲ್ಲ.

ಕರಪತ್ರಗಳ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದೆ. ಹತ್ತೊಂಬತ್ತು ಜನರನ್ನು ಹೇಗೆ ಇಳಿಸುವುದೆಂದು ಅದರಲ್ಲಿ ಎಲ್ಲೂ ಇಲ್ಲ.

ಅಕ್ಟೋಬರ್ 1, ಗುರುವಾರ

ಚಂಡಮಾರುತ ಭಾನುವಾರ ನಮ್ಮ ಕರಾವಳಿಗೆ. ಕರೆಂಟು ಹೋಗುವುದು ಖಚಿತ ಎಂದು ಮಧ್ಯಾಹ್ನದ ಸುದ್ದಿ. ಅಮ್ಮ ಅಂಗಡಿಯ ಗಾಜಿಗೆ ಟೇಪು ಅಂಟಿಸುತ್ತಿದ್ದಳು. ಫೋನು ಬಂತು. ಜುವಾಂಗ್ ಅಕ್ಕ.

"ನಿನ್ನ ಆ ಮೂರು ಜನ ಎಲ್ಲಿದಾರೆ?"

"ಅಕ್ಕಾ, ನಾವು ಹದಿನೇಳೇ..."

"ನಂಗೆ ಎಣಿಸೋಕೆ ಬರುತ್ತೆ. ಅಗ್ನಿಶಾಮಕದವರಿಗೆ ಫೋನ್ ಮಾಡ್ದೆ, ಪ್ರವಾಹ ಬರೋ ಹಳ್ಳಿಗಳಿಗೇ ಜನ ಸಾಲ್ತಿಲ್ಲ, ಬರಕ್ಕಾಗಲ್ಲ ಅಂದ್ರು. ಮಾಲೀಕ ಫೋನೇ ಎತ್ತಲ್ಲ. ಗಾಳಿ ಏಳೋ ಮೊದ್ಲೇ ಎಲ್ಲರನ್ನೂ ಕೆಳಗೆ ತರ್ಬೇಕು. ನಲವತ್ತು ನಿಮಿಷ ಅಲ್ಲ, ಇಡೀ ದಿನ ಕೊಡ್ತೀನಿ. ಆದ್ರೆ ಇವರು ಬಣ್ಣ ಬದಲಾಗೋ ಚೌಕಗಳಲ್ಲ. ಚರ್ಮ ಕಿತ್ತು ಬರುತ್ತೆ, ಉಚ್ಚೆ ಹೊಯ್ಕೊಳ್ತಾರೆ, ಅಳ್ತಾರೆ. ಮೆಟ್ಟಿಲ ಮೇಲೆ ಒಬ್ಬರ ಉಸಿರು ನಿಂತ್ರೂ ನಿಂತೀತು. ಗೊತ್ತಾಯ್ತಾ?"

ಗೊತ್ತಾಯಿತು. ನಿಲ್ಲುವ ಉಸಿರು ಯಾರದ್ದಿರಬಹುದೆಂಬುದೂ.

ಗುಂಪಿಗೆ ಬರೆದೆ.

'ತೆರೆಯ ಮೇಲಲ್ಲ, ಹೋಂಗೇ ಹೋಗಬೇಕು. ಹತ್ತೊಂಬತ್ತು ಜನ. ನಾನು, ಯುನ್-ಚೆನ್, ಮೆಟ್ಟಿಲ ಬುಡ, ಪಟ್ಟಿ ಮತ್ತು ಸಿಲಿಂಡರ್. ಮೊದಲು 312, 309. ಕಳೆದ ಸಲ ಬಿಟ್ಟುಬಂದವರು. ವೆನ್-ಶಿನ್, ಮಾಯಾವ್, 307 ನಿಮ್ಮಿಬ್ಬರದು. ನನ್ನ ಕೈಲಿ ನನ್ನ ಅಜ್ಜಿಯನ್ನು ಎತ್ತಲು ಆಗುವುದಿಲ್ಲ. ನೀವು ಎತ್ತಿ.'

ಕಳಿಸಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಅಮ್ಮನ ಜೊತೆ ಉಳಿದ ಗಾಜಿಗೆಲ್ಲ ಟೇಪು ಅಂಟಿಸಿದೆ. ಬರುವುದಿಲ್ಲ ಅವರು. ಯಾಕೆ ಬರಬೇಕು? ಅಂಕ ಬಂದಾಗಿದೆ. ಒಬ್ಬರ ಮುಖ ಒಬ್ಬರು ನೋಡಿಲ್ಲ.

ಆಮೇಲೆ ಒಂದೊಂದಾಗಿ.

'ಮಾಯಾವ್. 307. ಕರಾವಳಿ ರಸ್ತೆ ಮುಚ್ಚುವ ಮೊದಲು ಶುಕ್ರವಾರವೇ ಊರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿರ್ತೀನಿ. ಇಬ್ಬರು ಅಣ್ಣಂದಿರನ್ನೂ ಕರ್ಕೊಂಡು ಬರ್ತೀನಿ, ದೋಣಿ ಹೊರೋ ಜನ. ಅಧ್ಯಕ್ಷೆ, ತಿಂಡಿ ನಿಮ್ಮಮ್ಮನ ಅಂಗಡಿಯದ್ದು.'

'ವೆನ್-ಶಿನ್. 307. ಹತ್ತೊಂಬತ್ತು ಜನರ ಔಷಧಿ ಚೀಲ ನಾನು ಕಟ್ತೀನಿ. ನನ್ನ ದನಿ ಕೇಳಿ ಗುರುತು ಹಿಡಿ.'

'ಬೋ-ಯೆನ್. 312, ಆಮೇಲೆ 309. ಭಯ ಇನ್ನೂ ಇದೆ. ಎಷ್ಟು ಗಂಟೆಗೆ?'

ಯಾರೂ 'ಸಿಕ್ಕಿತು' ಅನ್ನಲಿಲ್ಲ.

ಬರೆದೆ: ಶನಿವಾರ, ಅಕ್ಟೋಬರ್ 3, ಬೆಳಗ್ಗೆ ಆರೂವರೆ. ಹೋಂನ ಹಿಂದಿನ ಗೇಟು, ಸ್ಕೂಟರ್ ಸ್ಟ್ಯಾಂಡಿನ ಹತ್ತಿರ.